ಬದಲಿ ಆಟಗಾರ ಏವರಿ ಜಾನ್ಸನ್

(ಸಂಘದ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಹೋದ ಸಭೆ ಮುಗಿದ ಮೇಲೆ ನಾಲ್ಕಾರು ಮಿತ್ರರು ನಮ್ಮನ್ನು ಮೆಟ್ಟಲಲ್ಲೇ ಹಿಡಿದು ನಿಲ್ಲಿಸಿದರು. "ಪ್ರತಿ ಸಲವೂ ಬೋನಸ್ಸು, ಗ್ರಾಚ್ಯುಯಿಟಿ, ಕೋರ್ಟು ಎಂದು ತಲೆ ತಿನ್ನುತ್ತೀರಿ. ಒಮ್ಮೆಯಾದರೂ ಆಟಪಾಟದ ಮಾತಾಡಬಾರದೆ?" ಎಂದು ಕೇಳಿದರು. ಆಗಲಿ ಎಂದು ಒಪ್ಪಿಕೊಂಡೆವು. ಇಂದು ಆಟದ ಮಾತೇ. ಆದರೆ ಆಟವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವನೊಬ್ಬನ ಕಥೆಯನ್ನು ಆರಿಸಿಕೊಂಡಿದ್ದೇವೆ. ಅದರೊಳಗೆ ಕರಾರು, ಕನಿಷ್ಠ ವೇತನ, ಬೀಗಮುದ್ರೆ ಮೊದಲಾದವು ತಾವಾಗಿಯೇ ನುಸುಳಿ ಬಂದರೆ ದೋಷ ನಮ್ಮದಲ್ಲ.

ಮುಂಬಯಿ ಸೆಂಟ್ರಲಿನಿಂದ ನಾಗಪಾಡಾ ಕಡೆಗೆ ನಡೆದುಹೋದವರು ಅಲ್ಲಿಯ ಹುಡುಗರು ಬಾಸ್ಕೆಟ್‌ಬಾಲ್ ಆಡುವುದನ್ನು ಬೇಲಿಯ ಹೊರಗೆ ನಿಂತು ನೋಡಿರಬಹುದು. ನೋಡದವರಿಗಾಗಿ ಎರಡು ಮಾತು. ಒಂದೊಂದು ಕಡೆಗೆ ಐದೈದು ಮಂದಿ. ಹತ್ತು ಅಡಿ ಎತ್ತರದಲ್ಲಿ ಒಂದು ಕಬ್ಬಿಣದ ಬಳೆ, ಅದಕ್ಕೆ ಬಲೆ. ಚೆಂಡನ್ನು ನೆಲಕ್ಕೆ ಪುಟಿಸುತ್ತ ಹೋಗಿ ಆ ಬಳೆಯೊಳಕ್ಕೆ ಬೀಳಿಸಬೇಕು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು, ಚಳಿಗಾಲದಲ್ಲಿ ಹುಡುಗರಿಗೆ ಒಳಾಂಗಣದಲ್ಲಿ ಆಡಲು ಏನಾದರೂ ಬೇಕೆಂದು, ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಕಟ್ಟಿಸಿ ಆರಂಭಿಸಿದ ಆಟ ಇದು. ಇಂದು ಅಮೆರಿಕದಲ್ಲಿ ಇದು ಬಹು ದೊಡ್ಡ ವ್ಯಾಪಾರ. ನ್ಯಾಷನಲ್ ಬಾಸ್ಕೆಟ್‌ಬಾಲ್ ಅಸೋಸಿಯೇಷನ್ ಎಂಬ ಒಕ್ಕೂಟದಲ್ಲಿ ಒಂದೊಂದು ತಂಡಕ್ಕೂ ಒಬ್ಬ ಧಣಿ, ಆಟಗಾರರು ಸಂಬಳದವರು. ಪೂರ್ಣ ಹಂಗಾಮಿನಲ್ಲಿ ಒಂದೊಂದು ತಂಡವೂ 82 ಪಂದ್ಯ ಆಡಬೇಕು.

ಐವರು ಅಂಕಣದಲ್ಲಿ ಆಡುತ್ತಿರುವಾಗ ಉಳಿದವರು ಬದಿಯ ಬೆಂಚಿನ ಮೇಲೆ ಕುಳಿತಿರುತ್ತಾರೆ. ಯಾರಿಗಾದರೂ ದಣಿವಾದರೆ, ಏಟು ಬಿದ್ದರೆ, ಇವರಲ್ಲೊಬ್ಬನಿಗೆ ಕರೆ ಬರುತ್ತದೆ. ಇಲ್ಲಿ ಕುಳಿತಿರುವ ಗಿರಣಿಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭೋಂಗಾ ಕೂಗುವ ಮೊದಲೇ ಗೇಟಿನ ಮುಂದೆ ನಿಂತು, ಯಾವ ಖಾತೆಯಲ್ಲಿ ಯಾರು ಬಂದಿಲ್ಲ, ಯಾರ ಸಾಂಚೆ ಖಾಲಿ ಇದೆ ಎಂದು ಮುಕಾದಮನ ಮುಖ ನೋಡುತ್ತಿದ್ದ 'ಬದಲಿ'ಯನ್ನು ನೀವು ಬಲ್ಲಿರಿ. ನಿಮ್ಮಲ್ಲಿ ಹಲವರು ಸ್ವತಃ ಬದಲಿಗಳಾಗಿದ್ದವರು. ಇಂದಿನ ನಮ್ಮ ಕಥಾನಾಯಕ ಅಂಥವನು. ಹೆಸರು ಏವರಿ ಜಾನ್ಸನ್. ಅವನನ್ನು ಏಕವಚನದಲ್ಲಿ ಕರೆಯುವುದು ಅಗೌರವದಿಂದಲ್ಲ, ಒಂದೇ ಖಾತೆಯಲ್ಲಿ ದುಡಿದವನನ್ನು ಕರೆಯುವ ಸಲಿಗೆಯಿಂದ.

ಹುಟ್ಟಿದ್ದು 1965ರ ಮಾರ್ಚಿ 25ರಂದು, ಅಮೆರಿಕದ ದಕ್ಷಿಣದ ನ್ಯೂ ಆರ್ಲಿಯನ್ಸ್ ನಗರದಲ್ಲಿ. ನೀಗ್ರೋ ಎಂದು ಹಿಂದೆ ಕರೆಯುತ್ತಿದ್ದ, ಇಂದು ಕರಿಯ ಅಮೆರಿಕನ್ನರೆಂದು ಹೇಳಿಕೊಳ್ಳುವ ಜನರ ಕುಟುಂಬ. ಮಕ್ಕಳು ಹತ್ತು ಮಂದಿ. ಮನೆ ಇದ್ದದ್ದು ಲಫೀಟ್ ಎಂಬ ವಸಾಹತಿನಲ್ಲಿ. ಬಡವರಿಗಾಗಿ ಸರ್ಕಾರ ಕಟ್ಟಿಸಿ ಬಾಡಿಗೆಗೆ ಕೊಟ್ಟ ಇಟ್ಟಿಗೆಯ ಮನೆಗಳ ಸಾಲು ಅದು. ನಮ್ಮ ಬಿ.ಡಿ.ಡಿ. ಚಾಳುಗಳನ್ನು ನೆನೆದುಕೊಳ್ಳಿ, ಕಟ್ಟಡದ ರೂಪ ಬೇರೆ, ಒಳಗಿನ ಸಂಸಾರ ಹೆಚ್ಚು ಬೇರೆಯಲ್ಲ. 2005ರ ಕತ್ರೀನಾ ಚಂಡಮಾರುತದ ನಂತರ ಆ ಹಳೆಯ ವಸಾಹತನ್ನೂ ಕೆಡವಿ ಹಾಕಿದರು.

ಹುಡುಗ ಗಿಡ್ಡ. ಬೆಳೆದು ದೊಡ್ಡವನಾದ ಮೇಲೂ ಆರಡಿ ಮುಟ್ಟಲಿಲ್ಲ. "ಆರಡಿಗೆ ಒಂದು ಅಂಗುಲ ಕಡಿಮೆಯಿದ್ದರೆ ಗಿಡ್ಡನೆ?" ಎಂದು ನೀವು ನಗಬಹುದು. ಏಳಡಿಯವರು ಕೈಯೆತ್ತಿ ನಿಂತಿರುವ ಆಟದಲ್ಲಿ ಅವನು ಗಿಡ್ಡನೇ. ಚೆಂಡನ್ನು ದೂರದಿಂದ ಬಳೆಗೆ ಎಸೆಯುವುದರಲ್ಲಿಯೂ ಅವನ ಕೈ ಅಷ್ಟಕ್ಕಷ್ಟೆ. ಮತ್ತೇನಿತ್ತು ಎಂದರೆ ಕಾಲಿನ ವೇಗ, ಕಣ್ಣು, ಬಾಯಿ. ಈ ಮೂರನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅವನು ಆಡುತ್ತಿದ್ದ ಸ್ಥಾನಕ್ಕೆ ಪಾಯಿಂಟ್ ಗಾರ್ಡ್ ಎನ್ನುತ್ತಾರೆ. ಚೆಂಡನ್ನು ತರುವವನು ಅವನು, ಯಾರು ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವವನೂ ಅವನೇ. ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ತುಂಬಿ ತುಳುಕುವ ಉಡುಪಿ ಹೋಟೆಲಿನಲ್ಲಿ ಒಳ್ಳೆಯ ಸಪ್ಲಾಯರನೊಬ್ಬ ಇರುತ್ತಾನಲ್ಲ, ಅವನಂತೆ. ಹದಿನಾಲ್ಕು ಮೇಜಿನ ಮೇಲೂ ಕಣ್ಣು, ಒಳಗೆ ಭಟ್ಟರಿಗೆ ಒಂದೇ ಉಸಿರಿನಲ್ಲಿ "ಎರಡು ಸಾದಾ, ಒಂದು ಮಸಾಲೆ, ಇಡ್ಲಿ ವಡೆ ಬೇರೆ ಬೇರೆ" ಎಂಬ ಕೂಗು, ಯಾರ ತಟ್ಟೆ ಯಾರಿಗೆ ಎಂಬುದರಲ್ಲಿ ತಪ್ಪಿಲ್ಲ. ಅವನು ಬಡಿಸುತ್ತಾನೆ, ಉಣ್ಣುವವರು ಬೇರೆ. ಈ ಆಟದಲ್ಲಿ ಹಾಗೆ ಬಡಿಸುವುದಕ್ಕೆ 'ಅಸಿಸ್ಟ್' ಎಂಬ ಹೆಸರಿದೆ: ನೀನು ಕೊಟ್ಟ ಚೆಂಡಿನಿಂದ ಇನ್ನೊಬ್ಬ ಅಂಕ ಗಳಿಸಿದರೆ ನಿನ್ನ ಹೆಸರಿಗೆ ಒಂದು ಅಸಿಸ್ಟ್. ಸದರ್ನ್ ವಿಶ್ವವಿದ್ಯಾಲಯದಲ್ಲಿ 1987-88ರ ಹಂಗಾಮಿನಲ್ಲಿ ಜಾನ್ಸನ್ ಪಂದ್ಯವೊಂದಕ್ಕೆ ಸರಾಸರಿ 13.3 ಅಸಿಸ್ಟ್ ಕೊಟ್ಟ. ಅಮೆರಿಕದ ಕಾಲೇಜು ಆಟದಲ್ಲಿ ಅದೊಂದು ದಾಖಲೆ. ಆ ಕಾಲೇಜಿಗೆ ಬರುವ ಮೊದಲು ಎರಡು ಕಾಲೇಜು ಸುತ್ತಿ ಬಂದಿದ್ದ ಎಂಬುದನ್ನೂ ಸೇರಿಸಿ ಹೇಳಬೇಕು. ಅಲೆದಾಟ ಅಲ್ಲಿಂದಲೇ ಶುರು.

ಧ್ವನಿ ಮಾತ್ರ ಕೀರಲು. ನ್ಯೂ ಆರ್ಲಿಯನ್ಸಿನ ರಾಗ ಬೇರೆ. ಕೇಳಿದವರು ಮೊದಲು ನಗುತ್ತಿದ್ದರು.

1988ರಲ್ಲಿ ಕಾಲೇಜು ಮುಗಿಯಿತು. ಅಲ್ಲಿ ವರ್ಷಕ್ಕೊಮ್ಮೆ ತಂಡಗಳ ಧಣಿಗಳು ಕೂಡಿ ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತಾರೆ, ಡ್ರಾಫ್ಟ್ ಎನ್ನುತ್ತಾರೆ. ಆ ವರ್ಷ ಮೂರು ಸುತ್ತಿನಲ್ಲಿ 75 ಹೆಸರುಗಳನ್ನು ಕೂಗಿದರು. ದಾಖಲೆ ಮಾಡಿದ ಈತನ ಹೆಸರನ್ನು ಯಾರೂ ಕೂಗಲಿಲ್ಲ. ಅಲ್ಲಿಗೆ ಬಹಳ ಮಂದಿ ಊರಿಗೆ ಮರಳಿ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ಇವನು ಬೇಸಗೆಯ ಒಂದು ಸಣ್ಣ ಒಕ್ಕೂಟದಲ್ಲಿ ಆಡಿ, ಕೊನೆಗೆ ಸಿಯಾಟಲ್ ತಂಡದ ಬೆಂಚಿನ ತುದಿಯಲ್ಲಿ ಜಾಗ ಗಿಟ್ಟಿಸಿದ. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ ಎರಡು ಅಂಕವೂ ಬರಲಿಲ್ಲ. ಬರುವುದು ಹೇಗೆ? ಆಡಲು ಬಿಟ್ಟರೆ ತಾನೆ!

ಇನ್ನು ಮುಂದಿನ ನಾಲ್ಕು ವರ್ಷವನ್ನು ನಿಧಾನವಾಗಿ ಕೇಳಿರಿ. 1990ರ ಅಕ್ಟೋಬರಿನಲ್ಲಿ ಸಿಯಾಟಲಿನವರು ಅವನನ್ನು ಡೆನ್ವರ್ ತಂಡಕ್ಕೆ ಕೊಟ್ಟುಬಿಟ್ಟರು. 'ಕೊಟ್ಟುಬಿಟ್ಟರು' ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. ಆಟಗಾರನ ಕರಾರನ್ನು ಒಬ್ಬ ಧಣಿ ಇನ್ನೊಬ್ಬನಿಗೆ ವರ್ಗಾಯಿಸುವಾಗ ಇಂಥ ಸಣ್ಣ ಆಟಗಾರನನ್ನು ಯಾರೂ ಕೇಳುವುದಿಲ್ಲ. ಡೆನ್ವರಿನವರು ಎರಡು ತಿಂಗಳು ಇಟ್ಟುಕೊಂಡು ಡಿಸೆಂಬರು 24ರಂದು ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಮರುದಿನ ಕ್ರಿಸ್‌ಮಸ್ಸು. ದೀಪಾವಳಿಯ ಹಿಂದಿನ ದಿನ ಗಲ್ಲೆಯ ಬಳಿ ಕರೆದು "ನಾಳೆಯಿಂದ ಬರಬೇಡ" ಎನ್ನಿಸಿಕೊಂಡವರು ಈ ಸಭೆಯಲ್ಲಿಯೂ ಇದ್ದೀರಿ. ನಾವು ಹದಿನಾರನೆಯ ವಯಸ್ಸಿನಲ್ಲಿ ಫೋರ್ಟ್ ವಿಭಾಗದ ಒಂದು ಹೋಟೆಲಿನಲ್ಲಿ ಆ ಮಾತನ್ನು ಕೇಳಿದ್ದೇವೆ. ಆ ದಿನ ಟ್ರಂಕು ಹಿಡಿದು ಎಲ್ಲಿಗೆ ನಡೆದೆವೆಂಬುದು ಇಂದಿಗೂ ಸರಿಯಾಗಿ ನೆನಪಾಗುವುದಿಲ್ಲ. ಆದರೆ ಗಲ್ಲೆಯ ಮೇಲಿದ್ದ ಊದುಬತ್ತಿಯ ವಾಸನೆ ನೆನಪಿದೆ.

1991ರ ಜನವರಿಯಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ಎಂಬ ಊರಿನ ಸ್ಪರ್ಸ್ ತಂಡದಲ್ಲಿ ಕೆಲಸ ಸಿಕ್ಕಿತು. ಆ ವರ್ಷದ ಡಿಸೆಂಬರು ಬಂತು, ಅವರೂ ಬಿಡಿಸಿದರು. ಎರಡು ಡಿಸೆಂಬರು, ಎರಡು ಸಲ ಮನೆಗೆ. ಹೊಸ ವರ್ಷ 1992ರ ಜನವರಿಯಲ್ಲಿ ಹ್ಯೂಸ್ಟನ್ ತಂಡದವರು ಕರೆದರು. ಎಷ್ಟು ದಿನಕ್ಕೆಂದು ಬಲ್ಲಿರಾ? ಹತ್ತು ದಿನಕ್ಕೆ!

ಈ ಹತ್ತು ದಿನದ ಕರಾರು ಆ ಒಕ್ಕೂಟದಲ್ಲಿ ಒಂದು ಪದ್ಧತಿ. ಯಾರಾದರೂ ಗಾಯಗೊಂಡರೆ ಹೊರಗಿನವನೊಬ್ಬನನ್ನು ಹತ್ತು ದಿನಕ್ಕೆ ತರುತ್ತಾರೆ. ಹನ್ನೊಂದನೆಯ ದಿನ ನೀನು ಯಾರೋ, ನಾವು ಯಾರೋ. ಆದರೆ ಅದಕ್ಕೊಂದು ಕಟ್ಟು ಇದೆ: ಒಂದೇ ತಂಡ ಒಂದೇ ಹಂಗಾಮಿನಲ್ಲಿ ಒಬ್ಬನಿಗೆ ಇಂಥ ಕರಾರನ್ನು ಎರಡು ಸಲ ಕೊಡಬಹುದು, ಮೂರನೆಯ ಸಲ ಕೊಡುವಂತಿಲ್ಲ. ಬೇಕಿದ್ದರೆ ಹಂಗಾಮು ಮುಗಿಯುವ ತನಕ ಇಟ್ಟುಕೊಳ್ಳಬೇಕು, ಬೇಡವಾದರೆ ಬಿಡಬೇಕು. ನಮ್ಮಲ್ಲಿ 240 ದಿನದ ಲೆಕ್ಕ ತುಂಬುವ ಮೊದಲೇ ಕೆಲಸಗಾರನಿಗೆ 'ಬ್ರೇಕ್' ಕೊಟ್ಟು, ವಾರ ಕಳೆದು ಹೊಸಬನಂತೆ ಮತ್ತೆ ಹೆಸರು ಬರೆಸಿಕೊಳ್ಳುತ್ತಿದ್ದುದನ್ನು ಹಳಬರು ಕಂಡಿದ್ದಾರೆ. ಅಂಥ ಕಳ್ಳದಾರಿಯನ್ನು ಮುಚ್ಚುವ ಒಂದು ಕದ ಅದು. ಹ್ಯೂಸ್ಟನಿನವರು ಅವನನ್ನು ಆ ಹಂಗಾಮಿನ ಕೊನೆಯ ತನಕ ಇಟ್ಟುಕೊಂಡರು. ಮುಂದಿನ ಹಂಗಾಮು ತೆರೆದಾಗ ಮತ್ತೆ ಕೆಲಸವಿಲ್ಲ.

1992ರ ನವೆಂಬರಿನಲ್ಲಿ ಸ್ಪರ್ಸಿನವರು ಮತ್ತೆ ಕರೆದರು. ಬಿಡಿಸಿದವರೇ ಕರೆದಾಗ ಹೋಗಬೇಕೆ ಬೇಡವೆ? ಮಾನವಂತನಾದರೆ ಹೋಗಬಾರದು ಎಂದು ಕಾಫಿ ಕುಡಿಯುತ್ತ ಹೇಳುವುದು ಸುಲಭ. ಅವನು ಹೋದ. ಜಾನ್ ಲ್ಯೂಕಸ್ ಎಂಬ ಹೊಸ ಕೋಚ್ ಬಂದ ಮೇಲೆ ಆಡಲು ಅವಕಾಶವೂ ಸಿಕ್ಕಿತು. ಆದರೂ ಹಂಗಾಮಿನ ಕೊನೆಗೆ ಕರಾರು ಮುಂದುವರಿಯಲಿಲ್ಲ. 1993ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡನ್ ಸ್ಟೇಟ್ ತಂಡದ ಮುಖ್ಯ ಪಾಯಿಂಟ್ ಗಾರ್ಡ್ ಟಿಮ್ ಹಾರ್ಡವೆಯ ಮೊಣಕಾಲು ಮುರಿದು ಇಡೀ ವರ್ಷ ಹೊರಗುಳಿಯಬೇಕಾಯಿತು. ಖಾಲಿ ಬಿದ್ದ ಸಾಂಚೆಗೆ ಬದಲಿ ಬೇಕಾಯಿತು. ನಮ್ಮವನು ಗೇಟಿನಲ್ಲೇ ನಿಂತಿದ್ದ.

ಇಲ್ಲಿ ಒಂದು ಸ್ವಾರಸ್ಯವಿದೆ. ಗೋಲ್ಡನ್ ಸ್ಟೇಟಿನ ಕೋಚ್ ಡಾನ್ ನೆಲ್ಸನ್. ಅವರ ಕೈಕೆಳಗಿನ ಸಹಾಯಕರಲ್ಲೊಬ್ಬರು ಗ್ರೆಗ್ ಪೊಪೊವಿಚ್. ಈ ಎರಡು ಹೆಸರುಗಳನ್ನು ನೆನಪಿನಲ್ಲಿಡಿ. 1994ರಲ್ಲಿ ಪೊಪೊವಿಚ್ ಸ್ಪರ್ಸ್ ತಂಡದ ಕಾರ್ಯನಿರ್ವಾಹಕರಾಗಿ ಹೋದರು. ಹೋದ ಕೆಲವೇ ವಾರಗಳಲ್ಲಿ ಜಾನ್ಸನನನ್ನು ಕರೆಸಿಕೊಂಡರು. ಗಿರಣಿ ಬದಲಾಯಿಸಿದ ಮುಕಾದಮ ತನ್ನ ಕೈಯ ನಂಬಿಕೆಯ ಆಳನ್ನು ಕರೆಸಿಕೊಂಡಂತೆ. ಆರು ವರ್ಷದಲ್ಲಿ ಐದು ಊರು ಕಂಡವನು ಮುಂದಿನ ಏಳು ವರ್ಷ ಒಂದೇ ಊರಿನಲ್ಲಿ ನಿಂತ. 'ಲಿಟಲ್ ಜನರಲ್', ಎಂದರೆ ಪುಟ್ಟ ಸೇನಾಪತಿ, ಎಂದು ಜನ ಹೆಸರಿಟ್ಟರು. ಒಂದು ಬದಿಗೆ ಏಳಡಿ ಒಂದಂಗುಲದ ಡೇವಿಡ್ ರಾಬಿನ್ಸನ್, 1997ರಿಂದ ಇನ್ನೊಂದು ಬದಿಗೆ ಅವನಷ್ಟೇ ಬೃಹತ್ತಾದ ಟಿಮ್ ಡಂಕನ್. ನಡುವೆ ಈ ಆರಡಿ ಮುಟ್ಟದವನು ಕೀರಲು ಧ್ವನಿಯಲ್ಲಿ ಅವರಿಗೆ ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದ. ಅವರು ನಿಲ್ಲುತ್ತಿದ್ದರು.

ಈಗ 1998ಕ್ಕೆ ಬರೋಣ. ಆ ವರ್ಷದ ಜುಲೈ 1ರಂದು ಧಣಿಗಳೆಲ್ಲ ಕೂಡಿ ಬೀಗಮುದ್ರೆ ಹಾಕಿದರು. ಗಮನಿಸಿರಿ, ಮುಷ್ಕರವಲ್ಲ, ಬೀಗಮುದ್ರೆ! ಆಟಗಾರರ ಸಂಬಳ ಕೈಮೀರಿದೆ, ಅದಕ್ಕೆ ಮಿತಿ ಬೇಕು ಎಂಬುದು ಅವರ ವಾದ. ಆಟದ ಮನೆಗಳು ಮುಚ್ಚಿದವು, ಸಂಬಳ ನಿಂತಿತು, ಚಳಿಗಾಲ ಬಂತು. 1982ರ ಜನವರಿಯಲ್ಲಿ ಆರಂಭವಾದ ನಮ್ಮ ಗಿರಣಿ ಮುಷ್ಕರದ ದಿನಗಳಲ್ಲಿ ಪಾತ್ರೆ ಮಾರಿ ಊರಿಗೆ ಹೋದವರ ಮುಂದೆ ಲಕ್ಷ ಡಾಲರಿನವರ ಕಷ್ಟವನ್ನು ಹೇಳಲು ನಮಗೂ ಸಂಕೋಚವಾಗುತ್ತದೆ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಆ ತಂಡಗಳಲ್ಲಿ ಮೇಲಿನ ಹತ್ತಿಪ್ಪತ್ತು ತಾರೆಗಳಿದ್ದಂತೆ ಕೆಳಗೆ ಹತ್ತು ದಿನದವರೂ ಇದ್ದರು; ಎರಡು ಮೂರು ವರ್ಷ ಆಡಿ ಮೊಣಕಾಲು ಹೋಗಿ ಮನೆ ಸೇರುವವರು. ಅವರ ಪಾಲಿಗೆ ಒಂದು ವರ್ಷ ಹೋದರೆ ಇಡೀ ಉದ್ಯೋಗವೇ ಹೋದಂತೆ.

ಅವರ ಸಂಘವೇನೂ ಆಕಾಶದಿಂದ ಇಳಿದದ್ದಲ್ಲ. 1954ರಲ್ಲಿ ಬಾಬ್ ಕೂಸಿ ಎಂಬ ಬಾಸ್ಟನ್ ಆಟಗಾರ ಅದನ್ನು ಕಟ್ಟಲು ಆರಂಭಿಸಿದ. ಹತ್ತು ವರ್ಷ ಧಣಿಗಳು ನಾಳೆ ನಾಡಿದ್ದು ಎಂದು ದೂಡಿದರು. 1964ರ ಜನವರಿ 14ರಂದು ಬಾಸ್ಟನಿನಲ್ಲಿ ಒಕ್ಕೂಟದ ಶ್ರೇಷ್ಠ ಆಟಗಾರರ ವಾರ್ಷಿಕ ಪಂದ್ಯ. ಟೆಲಿವಿಷನ್ನಿನವರು ಕ್ಯಾಮರಾ ಹೂಡಿ ಕಾದಿದ್ದಾರೆ, ಜನ ತುಂಬಿದ್ದಾರೆ. ಆಟಗಾರರು ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಹಾಕಿಕೊಂಡು ಕೂತುಬಿಟ್ಟರು. ಸಂಘದ ಅಧ್ಯಕ್ಷ ಟಾಮ್ ಹೈನ್‌ಸನ್. ಒಳಗೆ ಬಿಲ್ ರಸೆಲ್, ಆಸ್ಕರ್ ರಾಬರ್ಟ್‌ಸನ್, ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್ ಮೊದಲಾದ ಮಹಾರಥರು. ನಿವೃತ್ತಿವೇತನದ ಮಾತು ಕೊಡದೆ ಹೊರಗೆ ಬರುವುದಿಲ್ಲ ಎಂದರು. ಒಬ್ಬ ಧಣಿ ತನ್ನ ಆಟಗಾರರಿಗೆ, ಈಗಿಂದೀಗ ಹೊರಗೆ ಬಾರದಿದ್ದರೆ ನಿಮ್ಮ ಕಥೆ ಮುಗಿಯಿತು ಎಂಬ ಅರ್ಥದ ಮಾತು ಹೇಳಿ ಕಳಿಸಿದ. ಅದನ್ನು ಕೇಳಿ ಒಳಗಿದ್ದವರ ಮನಸ್ಸು ಇನ್ನಷ್ಟು ಗಟ್ಟಿಯಾಯಿತಂತೆ. ಕೊನೆಗೆ ಒಕ್ಕೂಟದ ಅಧಿಕಾರಿ ವಾಲ್ಟರ್ ಕೆನಡಿ ಒಳಗೆ ಬಂದು ಮಾತು ಕೊಟ್ಟ ಮೇಲೆಯೇ ಅಂಕಣಕ್ಕೆ ಇಳಿದದ್ದು. ಆ ದಿನ ಬಾಗಿಲು ಹಾಕಿಕೊಂಡವರು ಎಲ್ಲಿ ಹೋದರೂ ಕೆಲಸ ಸಿಗುವವರು. ಬದಲಿಗಳ ನಿವೃತ್ತಿವೇತನಕ್ಕಾಗಿ ಖಾಯಂ ಜನ ಬಾಗಿಲು ಹಾಕಿಕೊಂಡರು ಎಂಬುದರಲ್ಲಿ ಈ ಕಥೆಯ ಸತ್ವವಿದೆ ಎಂದು ನಮಗೆ ತೋರುತ್ತದೆ.

1998ರ ಬೀಗಮುದ್ರೆಯ ಕಾಲಕ್ಕೆ ಸಂಘದ ಅಧ್ಯಕ್ಷನಾಗಿದ್ದವನು ನ್ಯೂಯಾರ್ಕ್ ತಂಡದ ಪ್ಯಾಟ್ರಿಕ್ ಯೂಯಿಂಗ್. ಆರು ತಿಂಗಳು ಕಳೆದು, ಇಡೀ ಹಂಗಾಮೇ ರದ್ದಾಗುವುದರಲ್ಲಿದ್ದಾಗ, 1999ರ ಜನವರಿ 6ರಂದು ಒಪ್ಪಂದವಾಯಿತು. ಸೋಲೋ ಗೆಲುವೋ? ತಾರೆಗಳ ಸಂಬಳಕ್ಕೆ ಮೇಲ್ಮಿತಿ ಬಂತು; ಅದು ಧಣಿಗಳ ಗೆಲುವು. ಆದರೆ ಸೇವಾವರ್ಷಕ್ಕೆ ತಕ್ಕಂತೆ ಏರುವ ಕನಿಷ್ಠ ವೇತನದ ಪಟ್ಟಿಯೂ ಬಂತು. ಹತ್ತು ವರ್ಷ ದುಡಿದವನಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರಿಗೆ ಕಡಿಮೆ ಕೊಡುವಂತಿಲ್ಲವೆಂದಾಯಿತು. ಮೇಲಿನವರು ಸ್ವಲ್ಪ ಬಿಟ್ಟುಕೊಟ್ಟರು, ಕೆಳಗಿನವರ ಕಾಲ ಕೆಳಗೆ ಒಂದು ನೆಲ ಬಂತು. ಇದನ್ನು ಒಪ್ಪದವರೂ ಇದ್ದಾರೆ. ನಮ್ಮ ಅಭಿಪ್ರಾಯ ಇದು.

ಹಂಗಾಮು ಫೆಬ್ರವರಿ 5ರಂದು ತೆರೆಯಿತು. 82ರ ಬದಲಿಗೆ 50 ಪಂದ್ಯ. ಆ ಹೊತ್ತಿಗೆ ಪೊಪೊವಿಚ್ ತಾವೇ ಸ್ಪರ್ಸಿನ ಕೋಚ್ ಆಗಿದ್ದರು. ಮೊದಲ ಹದಿನಾಲ್ಕು ಪಂದ್ಯದಲ್ಲಿ ಆರು ಗೆಲುವು, ಎಂಟು ಸೋಲು. ಕೋಚನ್ನು ತೆಗೆಯಬೇಕೆಂಬ ಕೂಗು ಎದ್ದಿತು. ಅನಂತರ ಏನಾಯಿತೋ, ಉಳಿದ 36ರಲ್ಲಿ 31 ಗೆದ್ದರು! ಅಂತಿಮ ಸರಣಿಯಲ್ಲಿ ಎದುರಾಳಿ ಯೂಯಿಂಗನ ನ್ಯೂಯಾರ್ಕ್ ತಂಡ. ಆದರೆ ಸಂಘದ ಅಧ್ಯಕ್ಷ ಕಾಲಿನ ಗಾಯದಿಂದ ಆಡಲಾರದೆ ಹೊರಗುಳಿದಿದ್ದ.

1999ರ ಜೂನ್ 25. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಐದನೆಯ ಪಂದ್ಯ. ನ್ಯೂಯಾರ್ಕಿಗೆ 77, ಸ್ಪರ್ಸಿಗೆ 76. ಒಂದು ನಿಮಿಷವೂ ಉಳಿದಿಲ್ಲ. ಎದುರಾಳಿಗಳೆಲ್ಲ ಡಂಕನ್, ರಾಬಿನ್ಸನ್ ಎಂಬ ಎರಡು ಗೋಪುರಗಳ ಸುತ್ತ. ಚೆಂಡು ಶಾನ್ ಎಲಿಯಟ್ ಎಂಬವನ ಕೈಯಿಂದ ಎಡಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದ ಜಾನ್ಸನನಿಗೆ ಬಂತು. ಅವನನ್ನು ಯಾರೂ ಕಾಯುತ್ತಿರಲಿಲ್ಲ. ಏಕೆ ಕಾಯಬೇಕು? ಈತ ದೂರದಿಂದ ಎಸೆಯಲಾರ ಎಂದು ಹನ್ನೊಂದು ವರ್ಷದಿಂದ ಎಲ್ಲರೂ ಹೇಳಿಕೊಂಡು ಬಂದ ಮಾತು. ಆ ಮಾತಿನ ಮೇಲೆಯೇ ನಾಲ್ಕು ತಂಡ ಅವನನ್ನು ಬಿಟ್ಟಿದ್ದವು. ಗಡಿಯಾರದಲ್ಲಿ 47 ಸೆಕೆಂಡು. ನೆಗೆದು ಎಸೆದ. ಬಿತ್ತು. 78-77. ನ್ಯೂಯಾರ್ಕಿನವರಿಗೆ ಮತ್ತೆ ಅಂಕ ಸಿಗಲಿಲ್ಲ. ಸ್ಪರ್ಸ್ ತಂಡ ತನ್ನ ಮೊದಲ ಚಾಂಪಿಯನ್ ಪದವಿಯನ್ನು ಪಡೆಯಿತು.

ಚೆಂಡು ಕೊಟ್ಟ ಎಲಿಯಟನ ವಿಷಯವನ್ನೂ ಹೇಳದೆ ಇರಲಾರೆವು. ಅವನ ಮೂತ್ರಪಿಂಡಗಳು ಆಗಲೇ ಕೆಟ್ಟಿದ್ದವು. ರೋಗವನ್ನು ಒಳಗೇ ಇಟ್ಟುಕೊಂಡು ಇಡೀ ಸರಣಿ ಆಡಿದ. ಪದವಿ ಬಂದ ಮೇಲೆ ಜನಕ್ಕೆ ತಿಳಿಸಿದ. ಆಗಸ್ಟಿನಲ್ಲಿ ಅವನ ಅಣ್ಣನ ಒಂದು ಮೂತ್ರಪಿಂಡವನ್ನು ಅವನಿಗೆ ಜೋಡಿಸಿದರು. 2000ದ ಮಾರ್ಚಿಯಲ್ಲಿ ಮತ್ತೆ ಆಟಕ್ಕೆ ಬಂದ. ಕಾಯಿಲೆ ಹೇಳಿದರೆ ಕೆಲಸ ಹೋದೀತೆಂದು ಜ್ವರ ಮುಚ್ಚಿಟ್ಟು ತಟ್ಟೆ ತೊಳೆದವರು ಅವನನ್ನು ಬೈಯುವುದಿಲ್ಲವೆಂದು ಬಲ್ಲೆವು. ಹಾಗೆಂದು ಅವನನ್ನು ಅನುಸರಿಸಬೇಡಿ. ಇ.ಎಸ್.ಐ. ಚೀಟಿ ಇದ್ದವರು ದವಾಖಾನೆಗೆ ಹೋಗಿ.

2001ರಲ್ಲಿ ಸ್ಯಾನ್ ಆಂಟೋನಿಯೋ ಬಿಟ್ಟ ಮೇಲೆ ಮತ್ತೆ ಡೆನ್ವರ್, ಅಲ್ಲಿಂದ ಡಲ್ಲಾಸ್, ಮತ್ತೆ ಗೋಲ್ಡನ್ ಸ್ಟೇಟ್, ಮತ್ತೆ ಡಲ್ಲಾಸ್. ವಯಸ್ಸು ನಲವತ್ತರ ಹತ್ತಿರ. ಹದಿನಾರು ಹಂಗಾಮು, ಆರು ತಂಡ, 1054 ಪಂದ್ಯ. 2004ರ ಅಕ್ಟೋಬರಿನಲ್ಲಿ ಆಟ ನಿಲ್ಲಿಸಿ, ಡಲ್ಲಾಸ್ ಮ್ಯಾವರಿಕ್ಸ್ ತಂಡದಲ್ಲಿ ಅದೇ ಡಾನ್ ನೆಲ್ಸನರ ಸಹಾಯಕನಾಗಿ ಬೆಂಚಿನ ಮೇಲೆ ಕುಳಿತ. ಅದೇ ಬೆಂಚು; ಈ ಸಲ ಕೋಟು ತೊಟ್ಟು. 2005ರ ಮಾರ್ಚಿ 19ರಂದು ನೆಲ್ಸನ್ ಹುದ್ದೆ ಬಿಟ್ಟು ಅವನ ಕೈಗೆ ತಂಡವನ್ನು ಒಪ್ಪಿಸಿದರು. ಆ ಹಂಗಾಮಿನಲ್ಲಿ ಉಳಿದಿದ್ದ ಹದಿನೆಂಟು ಪಂದ್ಯಗಳಲ್ಲಿ ಹದಿನಾರನ್ನು ಡಲ್ಲಾಸ್ ಗೆದ್ದಿತು.

ಬೆಂಚಿನಿಂದ ಬಂದವನಿಗೆ ಈ ವಿದ್ಯೆ ಎಲ್ಲಿಂದ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಆಡುವವನು ತನ್ನ ಮುಂದಿನ ಚೆಂಡನ್ನು ನೋಡುತ್ತಾನೆ, ಬದಲಿ ಇಡೀ ಅಂಕಣವನ್ನು ನೋಡುತ್ತಾನೆ. ಯಾವ ಕ್ಷಣದಲ್ಲಿ ಯಾರ ಜಾಗಕ್ಕೆ ಕರೆದಾರೋ ತಿಳಿಯದು, ಆದ್ದರಿಂದ ಐವರ ಕೆಲಸವೂ ಅವನಿಗೆ ಬರಬೇಕು. ಎಲ್ಲ ಖಾತೆಗಳಲ್ಲಿ ಬದಲಿಯಾಗಿ ದುಡಿದವನಷ್ಟು ಗಿರಣಿಯನ್ನು ಬಲ್ಲವರು ಇನ್ನಾರಿದ್ದರು? ಕ್ಲೀನರನಾಗಿ ಬಂದು, ಸಪ್ಲಾಯರನಾಗಿ, ಭಟ್ಟರಿಲ್ಲದ ದಿನ ಕಾವಲಿಯ ಮುಂದೆಯೂ ನಿಂತವನೇ ಮುಂದೆ ಗಲ್ಲೆಯಲ್ಲಿ ಕುಳಿತು ಹೋಟೆಲು ನಡೆಸಿದ್ದನ್ನು ಈ ಊರಿನಲ್ಲಿ ಎಷ್ಟು ಕಂಡಿಲ್ಲ! ಆದರೆ ಗಲ್ಲೆಗೆ ಬಂದ ಮೇಲೆ ಅವನ ಗುಣವೇನಾಗುತ್ತದೆ ಎಂಬುದು ಬೇರೆ ಪ್ರಶ್ನೆ, ಅದನ್ನೂ ಮುಚ್ಚಿಡುವುದಿಲ್ಲ.

2005-06ರಲ್ಲಿ ಡಲ್ಲಾಸ್ 60 ಪಂದ್ಯ ಗೆದ್ದಿತು. ಜಾನ್ಸನನಿಗೆ ವರ್ಷದ ಶ್ರೇಷ್ಠ ಕೋಚ್ ಎಂಬ ಪ್ರಶಸ್ತಿ ಬಂತು. ನಂತರದ ಸುತ್ತಿನಲ್ಲಿ ತನ್ನ ಗುರು ಪೊಪೊವಿಚರ ಸ್ಪರ್ಸ್ ತಂಡವನ್ನು ಅವರ ಊರಿನಲ್ಲೇ, ಏಳನೆಯ ಪಂದ್ಯದಲ್ಲಿ, ಹೆಚ್ಚುವರಿ ಅವಧಿಯಲ್ಲಿ ಸೋಲಿಸಿದ. ಮೊದಲ ಬಾರಿಗೆ ಡಲ್ಲಾಸ್ ಅಂತಿಮ ಸರಣಿಗೆ ಏರಿತು. ಮಯಾಮಿಯ ಮೇಲೆ ಮೊದಲೆರಡು ಪಂದ್ಯ ಗೆದ್ದಿತು. ಮೂರನೆಯದರಲ್ಲಿ ಆಟ ಮುಗಿಯಲು ಆರೇಳು ನಿಮಿಷವಿದ್ದಾಗ 13 ಅಂಕ ಮುಂದಿತ್ತು. ಆ ಆರೇಳು ನಿಮಿಷದಲ್ಲಿ ಕೈಜಾರಿತು. ಡ್ವೇನ್ ವೇಡ್ ಎಂಬ ತರುಣ ಒಬ್ಬನೇ ಹಿಡಿದೆಳೆದಂತೆ ಮಯಾಮಿ ಮುಂದೆ ಬಂತು. ನಾಲ್ಕು ಪಂದ್ಯ ಸಾಲಾಗಿ ಗೆದ್ದು ಪದವಿ ಒಯ್ದಿತು.

ಮುಂದಿನ ವರ್ಷ ಇನ್ನೂ ದೊಡ್ಡದು: 67 ಗೆಲುವು, 15 ಸೋಲು. ಒಕ್ಕೂಟದಲ್ಲಿಯೇ ಮೊದಲ ಸ್ಥಾನ. ಮೊದಲ ಸುತ್ತಿನಲ್ಲಿ ಎದುರಾದದ್ದು ಎಂಟನೆಯ ಸ್ಥಾನದಲ್ಲಿ ಹೇಗೋ ತೂರಿ ಬಂದ ಗೋಲ್ಡನ್ ಸ್ಟೇಟ್. ಆ ತಂಡದ ಕೋಚ್ ಯಾರು? ಡಾನ್ ನೆಲ್ಸನ್! ಶಿಷ್ಯನ ಹುಡುಗರನ್ನೆಲ್ಲ ತಾವೇ ಸಾಕಿದವರು. ಅವರ ತಂಡ ಗಿಡ್ಡರ, ವೇಗದವರ ತಂಡ. ಮೊದಲ ಪಂದ್ಯಕ್ಕೆ ಜಾನ್ಸನ್ ತನ್ನ ಎತ್ತರದ ನಡುವಿನ ಆಟಗಾರನನ್ನು ಕೂರಿಸಿ, ತಾನೂ ವೇಗದವರನ್ನೇ ಇಳಿಸಿದ. ಸೋತ. ಕೊನೆಗೆ 4-2ರಿಂದ ಸರಣಿಯನ್ನೇ ಸೋತ. ಆ ವರ್ಷದ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿಯನ್ನು ಡಲ್ಲಾಸಿನ ಡರ್ಕ್ ನೊವಿಟ್ಸ್ಕಿ ಪಡೆದಾಗ ಅವನ ತಂಡ ಮನೆ ಸೇರಿ ದಿನಗಳಾಗಿದ್ದವು. 67 ಗಿರಾಕಿ ಮೆಚ್ಚಿದ ಅಡಿಗೆಯನ್ನು ಬಿಟ್ಟು, ಎದುರು ಹೋಟೆಲಿನವನ ಅಡಿಗೆಯನ್ನು ಅವನ ಮುಂದೆಯೇ ಮಾಡಲು ಹೋದ ಭಟ್ಟನ ಕೆಲಸ ಅದು ಎಂದು ನಮ್ಮ ತೀರ್ಪು. ಎಷ್ಟು ಗೆದ್ದರೂ ಬದಲಿಯ ಎದೆಯಲ್ಲಿ ಒಂದು ಅಂಜಿಕೆ ಉಳಿದಿರುತ್ತದೆಯೋ ಏನೋ.

ಆಟಗಾರರು ಅವನ ಬಿಗಿಗೆ ಬೇಸತ್ತರೆಂದೂ ಪತ್ರಿಕೆಗಳು ಬರೆದವು. ಪ್ರತಿಯೊಂದು ಚಲನೆಯನ್ನೂ ತಾನೇ ಕೂಗಿ ಹೇಳಬೇಕು, ಅಂಕಣದಲ್ಲಿದ್ದವನ ಬುದ್ಧಿಗೆ ಬಿಡುವುದಿಲ್ಲ ಎಂಬ ದೂರು. ಇದ್ದರೂ ಇದ್ದೀತು. ಕೂಗಿನಿಂದಲೇ ಅನ್ನ ಸಂಪಾದಿಸಿದವನಿಗೆ ಸುಮ್ಮನಿರುವುದು ಕಷ್ಟ. 2008ರಲ್ಲಿ ಮೊದಲ ಸುತ್ತಿನಲ್ಲಿ ಮತ್ತೆ ಸೋಲು. ಸೋಲಿಸಿದ ತಂಡ ಅವನ ಹುಟ್ಟೂರು ನ್ಯೂ ಆರ್ಲಿಯನ್ಸಿನದು! ಮರುದಿನ, ಏಪ್ರಿಲ್ 30ರಂದು, ಡಲ್ಲಾಸಿನವರು ಅವನನ್ನು ಬಿಡಿಸಿದರು. ಅಲ್ಲಿ ಅವನ ಲೆಕ್ಕ 194 ಗೆಲುವು, 70 ಸೋಲು. ಮೂರು ವರ್ಷದ ನಂತರ, 2011ರಲ್ಲಿ, ಅದೇ ಡಲ್ಲಾಸ್ ಅದೇ ಮಯಾಮಿಯನ್ನು ಸೋಲಿಸಿ ಪದವಿ ಪಡೆಯಿತು. ಆಗ ಕೋಚ್ ಬೇರೊಬ್ಬರು.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇವೆ. ಹಿಂದಿನ ವರ್ಷ 82ರಲ್ಲಿ 12 ಮಾತ್ರ ಗೆದ್ದಿದ್ದ ನ್ಯೂ ಜೆರ್ಸಿ ನೆಟ್ಸ್ ತಂಡವನ್ನು 2010ರಲ್ಲಿ ಕೈಗೆತ್ತಿಕೊಂಡ. 2011ರಲ್ಲಿ ಮತ್ತೊಂದು ಬೀಗಮುದ್ರೆಯನ್ನೂ ಕಂಡ. 2012ರಲ್ಲಿ ತಂಡ ಬ್ರೂಕ್ಲಿನ್‌ಗೆ ಬಂದಿತು. ಹಂಗಾಮಿನ ಮೊದಲ ಹದಿನೈದರಲ್ಲಿ ಹನ್ನೊಂದು ಗೆಲುವು, ಪೂರ್ವ ವಿಭಾಗದಲ್ಲಿ ತಿಂಗಳ ಶ್ರೇಷ್ಠ ಕೋಚ್ ಎಂಬ ಬಿರುದು. ಡಿಸೆಂಬರಿನಲ್ಲಿ ಸೋಲುಗಳು ಬಂದವು. ಡಿಸೆಂಬರು 27ರಂದು ಕೆಲಸದಿಂದ ತೆಗೆದರು. ನವೆಂಬರಿನ ಪ್ರಶಸ್ತಿಯ ಫಲಕಕ್ಕೆ ಇನ್ನೂ ಧೂಳು ಕೂತಿರಲಿಕ್ಕಿಲ್ಲ. ಕೋಚಿಗೆ ಕೋಟು ಇದ್ದರೇನು, ಅವನೂ ಸಂಬಳದವನೇ. 2015ರಿಂದ 2019ರ ತನಕ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಹುಡುಗರಿಗೆ ಕಲಿಸಿದ. ಆಮೇಲೆ ಟೆಲಿವಿಷನ್ನಿನಲ್ಲಿ ಆಟದ ವ್ಯಾಖ್ಯಾನಕ್ಕೆ ಕುಳಿತ. ಕೀರಲು ಧ್ವನಿ ಅಲ್ಲಿಯೂ ಹೊಟ್ಟೆ ಹೊರೆಯಿತು.

ಒಂದನ್ನು ಬಿಟ್ಟಿದ್ದೆವು. ಡೆನ್ವರಿನ ಡಿಸೆಂಬರು, ಸ್ಯಾನ್ ಆಂಟೋನಿಯೋದ ಡಿಸೆಂಬರು, ಬ್ರೂಕ್ಲಿನ್ನಿನ ಡಿಸೆಂಬರು ಹೇಳಿದೆವು. ಇನ್ನೊಂದು ಡಿಸೆಂಬರು ಇದೆ. 2007ರ ಆ ತಿಂಗಳ 22ರಂದು ಸ್ಯಾನ್ ಆಂಟೋನಿಯೋದ ಸ್ಪರ್ಸಿನವರು ಜಾನ್ಸನ್ ತೊಡುತ್ತಿದ್ದ 6ನೆಯ ಸಂಖ್ಯೆಯ ಅಂಗಿಯನ್ನು ಆಟದ ಮನೆಯ ಮಾಡಿಗೆ ಏರಿಸಿದರು. ಹಾಗೆ ಏರಿಸಿದ ಸಂಖ್ಯೆಯನ್ನು ಆ ತಂಡದಲ್ಲಿ ಮತ್ತೆ ಯಾರಿಗೂ ಕೊಡುವುದಿಲ್ಲ. ಹದಿನಾರು ವರ್ಷದ ಹಿಂದೆ, ಅದೇ ತಿಂಗಳಲ್ಲಿ, ಅದೇ ತಂಡ ಅವನನ್ನು ಬೇಡವೆಂದು ಕಳಿಸಿತ್ತು. ಆ ಹೊತ್ತಿಗೆ ಅವನು ಡಲ್ಲಾಸ್ ತಂಡದ ಕೋಚಾಗಿದ್ದ. ಸಮಾರಂಭ ಮುಗಿಸಿಕೊಂಡು ತನ್ನ ತಂಡಕ್ಕೆ ಮರಳಿ ತನ್ನ ಹುಡುಗರ ಕೆಲಸ ನೋಡಬೇಕಾಗಿತ್ತು.

ರಾತ್ರಿ ಪಾಳಿಯವರು ಆಗಲೇ ಎದ್ದು ನಿಂತಿದ್ದೀರಿ. ನಿಮ್ಮ ಜಾಗಕ್ಕೆ ಬದಲಿ ಬರುವ ಮೊದಲೇ ಹೊರಡಿರಿ.